ಶ್ರೀಮತಿ ಬರೆದ ಚಿತ್ರಪಟ

ಸಾವು, ಶೋಕ ಮತ್ತು ಮರುಹುಟ್ಟುಗಳನ್ನು ಚಿತ್ರಗಳ ಸಾಲಿನಲ್ಲಿ ಕಟ್ಟಿಕೊಡುವ ಗ್ರಾಫಿಕ್ ಕಾದಂಬರಿಗಳು ಇಂದು ಗಂಭೀರ ಸಾಹಿತ್ಯವೆಂದು ಮನ್ನಣೆ ಪಡೆದಿವೆ. ಜಪಾನಿನ ಒಸಾಮು ತೆಜುಕಾ ದಶಕಗಳ ಕಾಲ ರಚಿಸಿದ ‘ಫೀನಿಕ್ಸ್’ ಚಿತ್ರಕಥಾಮಾಲೆಯಲ್ಲಿ ಜೀವಗಳು ಒಂದು ಯುಗದಲ್ಲಿ ಅಳಿದು ಇನ್ನೊಂದು ಯುಗದಲ್ಲಿ ಬೇರೆ ರೂಪದಲ್ಲಿ ಹುಟ್ಟುತ್ತವೆ. 1989ರಲ್ಲಿ ಲೇಖಕನೇ ತೀರಿಕೊಂಡಾಗ ಆ ಮಾಲೆ ಅಪೂರ್ಣವಾಗಿ ಉಳಿಯಿತು. ಭಾರತದಲ್ಲಿ ಚಿತ್ರಕಥೆಯನ್ನು ಮನೆಮನೆಗೆ ತಲುಪಿಸಿದ ‘ಅಮರ ಚಿತ್ರಕಥೆ’ಯ ಅನಂತ ಪೈ ಹುಟ್ಟಿದ್ದು ಕಾರ್ಕಳದಲ್ಲಿ, 1432ರಲ್ಲಿ ಪ್ರತಿಷ್ಠಾಪನೆಗೊಂಡ ಬಾಹುಬಲಿಯ ಊರಿನಲ್ಲಿ. ಆದರೂ ಚಿತ್ರಕಥೆ ಎಂದೊಡನೆ ಅದು ಮಕ್ಕಳ ಓದು ಎಂದು ಬದಿಗೆ ಸರಿಸುವ ಹಿರಿಯರು ಇದ್ದಾರೆ. ಅಂಥವರು ಪಂಪನ ‘ಆದಿಪುರಾಣ’ವನ್ನು ನೆನೆಯುವುದು ಒಳ್ಳೆಯದು. ಕ್ರಿ.ಶ. 941ರ ಆ ಕಾವ್ಯದ ನಡುವೆ ಒಂದು ಚಿತ್ರಪಟವಿದೆ. ತೀರಿಹೋದ ಪತಿಗಾಗಿ, ಮರುಹುಟ್ಟು ಪಡೆದ ಹೆಣ್ಣೊಬ್ಬಳು ತನ್ನ ಕೈಯಾರೆ ಬರೆದ ಪಟ ಅದು. ಸತ್ತವರ ಚಿತ್ರವನ್ನು ಬದುಕಿರುವವರು ಏತಕ್ಕಾಗಿ ಇಟ್ಟುಕೊಳ್ಳಬೇಕು ಎಂಬ ಪ್ರಶ್ನೆಯನ್ನು ಆ ಪಟ ಇಂದಿಗೂ ಕೇಳುತ್ತಿದೆ.

ಸಾವನ್ನು ಚಿತ್ರದಲ್ಲಿ ಹೇಳುವ ರೂಢಿ ಕನ್ನಡ ನೆಲಕ್ಕೆ ಹೊಸದಲ್ಲ. ಬೆಂಗಳೂರಿನ ಉತ್ತರ ಭಾಗದ ಅಲ್ಲಾಳಸಂದ್ರದಿಂದ ಬಳ್ಳಾರಿ ರಸ್ತೆಯಲ್ಲಿ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಸಾಗಿದರೆ ಹೆಬ್ಬಾಳ. ಅಲ್ಲಿ 2018ರಲ್ಲಿ ಬೆಳಕಿಗೆ ಬಂದ ಕಿತ್ತಯ್ಯನ ವೀರಗಲ್ಲು, ಗಂಗರ ಶ್ರೀಪುರುಷನ ಕಾಲದ್ದು, ಕ್ರಿ.ಶ. ಸುಮಾರು 750ರದ್ದು. ಊರಿಗಾಗಿ ಹೋರಾಡಿ ಮಡಿದವನ ನೆನಪನ್ನು ಅದು ಹನ್ನೆರಡು ಶತಮಾನಗಳಿಗೂ ಮಿಗಿಲಾಗಿ ಹೊತ್ತು ನಿಂತಿದೆ. ನಾಡಿನ ಅನೇಕ ವೀರಗಲ್ಲುಗಳಲ್ಲಿ ಚಿತ್ರಗಳು ಕೆಳಗಿನಿಂದ ಮೇಲಕ್ಕೆ ಪಟ್ಟಿಕೆಗಳಾಗಿ ಸಾಗುತ್ತವೆ. ಕೆಳಗೆ ಯುದ್ಧ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವಲೋಕ. ಓದು ಬಾರದವನೂ ಓದಬಲ್ಲ ಕಥೆ ಅದು. ಜೈನರ ನಿಸಿಧಿಗಲ್ಲುಗಳಲ್ಲಿಯೂ ಪಟ್ಟಿಕೆಗಳಿವೆ, ಆದರೆ ಕಥೆ ಬೇರೆ. ಅಲ್ಲಿ ಹಲವು ಕಡೆ ಕಾಣುವುದು ಗುರು, ಶಿಷ್ಯ, ಇಬ್ಬರ ನಡುವೆ ಶಾಸ್ತ್ರವಿರಿಸುವ ಪೀಠ, ಮೇಲೆ ಜಿನಬಿಂಬ. ಮರಣವು ಅಲ್ಲಿ ಕೊನೆಯ ಪಾಠವಾಗಿ ಚಿತ್ರಿತವಾಗಿದೆ.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಚಂದ್ರಗುಪ್ತ ಬಸದಿಯ ಕಲ್ಲಿನ ಜಾಲಂಧ್ರಗಳಲ್ಲಿ ಭದ್ರಬಾಹು ಮುನಿಗಳ ಮತ್ತು ಚಂದ್ರಗುಪ್ತನ ಕಥೆ ಸಣ್ಣ ಸಣ್ಣ ಚೌಕಗಳಲ್ಲಿ ಕೊರೆಯಲ್ಪಟ್ಟಿದೆ. ಊರೊಳಗಿನ ಜೈನ ಮಠದ ಗೋಡೆಗಳ ಮೇಲೆ ಪಾರ್ಶ್ವನಾಥ ತೀರ್ಥಂಕರರ ಭವಾವಳಿ ಬಣ್ಣಗಳಲ್ಲಿದೆ. ಕ್ಷಮೆ ಬೇಡಿ ಬಾಗಿದ ತಮ್ಮ ಮರುಭೂತಿಯನ್ನು ಅಣ್ಣ ಕಮಠ ಕಲ್ಲೆತ್ತಿ ಕೊಂದ ದಿನದಿಂದ, ಆ ವೈರವು ಆನೆಯಾಗಿ, ಹಾವಾಗಿ, ಮುನಿಯಾಗಿ, ಬೇಡನಾಗಿ ಹುಟ್ಟಿದ ಜೀವಗಳನ್ನು ಜನ್ಮಜನ್ಮಾಂತರಕ್ಕೂ ಹಿಂಬಾಲಿಸಿದ ಕಥೆ ಅದು. ದ್ವೇಷ ಭವದಿಂದ ಭವಕ್ಕೆ ಹರಿಯುತ್ತದೆ ಎಂದು ಆ ಗೋಡೆ ಹೇಳಿದರೆ, ರಾಗವೂ ಹಾಗೆಯೇ ಹರಿಯುತ್ತದೆ ಎಂದು ಹೇಳುವುದು ಪಂಪನ ಪಟ.

ಕಥೆಯ ಮೂಲ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ‘ಪೂರ್ವಪುರಾಣ’. ಮುಂದೆ ಆದಿತೀರ್ಥಂಕರ ವೃಷಭನಾಥನಾಗಲಿರುವ ಜೀವವು ಒಂದು ಭವದಲ್ಲಿ ಈಶಾನಕಲ್ಪದ ಲಲಿತಾಂಗದೇವ. ಅವನ ಪ್ರಿಯೆ ಸ್ವಯಂಪ್ರಭೆ. ದೇವಲೋಕದ ಸುಖಕ್ಕೂ ಆಯುಷ್ಯದ ಗಡಿಯುಂಟು. ಕೊನೆಯ ಆರು ತಿಂಗಳು ಉಳಿದಿರುವಾಗ ಲಲಿತಾಂಗನ ಕೊರಳ ಮಾಲೆ ಬಾಡತೊಡಗುತ್ತದೆ, ಆಭರಣಗಳ ಕಾಂತಿ ಕುಂದುತ್ತದೆ. ಬಾಡುವುದನ್ನೇ ಅರಿಯದಿದ್ದ ಹೂ ಬಾಡಿದಾಗ ದೇವನಿಗೂ ಭಯ. ಅವನು ಚ್ಯುತನಾದ ಮೇಲೆ ಸ್ವಯಂಪ್ರಭೆ ವಿರಹದಲ್ಲಿ ಬೆಂದು, ಜಿನಪೂಜೆಯಲ್ಲಿ ಉಳಿದ ದಿನಗಳನ್ನು ಕಳೆದು, ತಾನೂ ಆ ಲೋಕದಿಂದ ಜಾರುತ್ತಾಳೆ. ಲಲಿತಾಂಗ ಉತ್ಪಲಖೇಟದಲ್ಲಿ ವಜ್ರಜಂಘನೆಂಬ ರಾಜಕುಮಾರನಾಗುತ್ತಾನೆ. ಸ್ವಯಂಪ್ರಭೆ ಪುಂಡರೀಕಿಣಿಯ ವಜ್ರದಂತ ಚಕ್ರವರ್ತಿಯ ಮಗಳು ಶ್ರೀಮತಿಯಾಗುತ್ತಾಳೆ. ಒಬ್ಬರಿಗೊಬ್ಬರು ಅಪರಿಚಿತರು.

ಒಂದು ದಿನ ಕೇವಲಜ್ಞಾನದ ಪೂಜೆಗಾಗಿ ಆಗಸದಲ್ಲಿ ಇಳಿದುಬರುವ ದೇವತೆಗಳನ್ನು ಕಂಡ ಶ್ರೀಮತಿಗೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಭವ ಒಮ್ಮೆಲೇ ಮರುಕಳಿಸಿ ಅವಳು ಮೂರ್ಛೆ ಹೋಗುತ್ತಾಳೆ, ಎಚ್ಚೆತ್ತು ಮೌನವಾಗುತ್ತಾಳೆ. ಶೋಕದ ಮೊದಲ ಲಕ್ಷಣ ಮೌನ. ಕೊನೆಗೆ ಪಂಡಿತೆ ಎಂಬ ದಾದಿಯ ಬಳಿ ಮನಬಿಚ್ಚಿ, ಮಾತಿಗೆ ನಿಲುಕದ್ದನ್ನು ಪಟದಲ್ಲಿ ಬರೆಯುತ್ತಾಳೆ. ಕಳೆದುಹೋದ ಜನ್ಮದ ಒಂದೊಂದು ಸನ್ನಿವೇಶವೂ ಅಲ್ಲಿ ಚಿತ್ರವಾಗುತ್ತದೆ. ಕೆಲವನ್ನು ಮಾತ್ರ ಅವಳು ಬೇಕೆಂದೇ ಬಿಡುತ್ತಾಳೆ, ಇಬ್ಬರಿಗಷ್ಟೇ ಗೊತ್ತಿದ್ದ ಸಂಗತಿಗಳು ಅವು. ಪಂಡಿತೆ ಆ ಪಟವನ್ನು ಜಿನಾಲಯಕ್ಕೆ ಒಯ್ದು ಬಂದವರೆಲ್ಲ ನೋಡುವಂತೆ ಹರಡುತ್ತಾಳೆ.

ನೋಡಿದವರಲ್ಲಿ ಕಪಟಿಗಳೂ ಇದ್ದರು. ಆ ಗಂಡ ತಾನೇ, ತನಗೂ ಪೂರ್ವಜನ್ಮ ನೆನಪಾಯಿತು ಎಂದು ನಟಿಸಿದರು. ಅವರು ಪಟದಲ್ಲಿದ್ದುದನ್ನು ಮಾತ್ರ ಹೇಳಬಲ್ಲವರಾಗಿದ್ದರು, ಇಲ್ಲದ್ದನ್ನು ಕೇಳಿದಾಗ ನಾಚಿ ಹಿಂದೆಸರಿದರು. ವಜ್ರಜಂಘ ಬಂದು ನೋಡಿದಾಗ ಅವನಿಗೂ ಮೂರ್ಛೆ. ಎಚ್ಚೆತ್ತವನು ಚಿತ್ರದಲ್ಲಿ ಇಲ್ಲದ ಸಂಗತಿಗಳನ್ನು ಹೇಳಿದ. ಬರೆದ ಗೆರೆಗಳಿಂದಲ್ಲ, ಬಿಟ್ಟ ಜಾಗದಿಂದ ಅವನು ಯಾರೆಂದು ತಿಳಿಯಿತು. ಗ್ರಾಫಿಕ್ ಕಾದಂಬರಿಯನ್ನು ಓದಬಲ್ಲವರಿಗೆ ಇದು ಅರ್ಥವಾಗುವ ಮಾತು. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವೆ ಇರುವ ಬಿಳಿಯ ಸಂದಿನಲ್ಲಿ ಕಥೆಯ ಅರ್ಧ ನಡೆಯುತ್ತದೆ, ಅದನ್ನು ತುಂಬುವವನು ಓದುಗ.

ಇಷ್ಟಕ್ಕೆ ಕಥೆ ಮುಗಿದಿದ್ದರೆ ಅದು ಸುಂದರವಾದ ಪ್ರೇಮಕಥೆ ಮಾತ್ರವಾಗುತ್ತಿತ್ತು. ಶೋಕ ಗೆದ್ದಿತು, ಚಿತ್ರ ಸತ್ತವನನ್ನು ಮರಳಿ ತಂದಿತು ಎಂದು ಓದುಗ ಪುಸ್ತಕ ಮುಚ್ಚಬಹುದಿತ್ತು. ಪುರಾಣ ಹಾಗೆ ಮುಚ್ಚಲು ಬಿಡುವುದಿಲ್ಲ. ಇಬ್ಬರೂ ಮದುವೆಯಾಗುತ್ತಾರೆ, ಸುಖವಾಗಿರುತ್ತಾರೆ. ಅತ್ತ ಶ್ರೀಮತಿಯ ತಂದೆ ವಜ್ರದಂತನು ಒಂದು ಕಮಲದೊಳಗೆ ಸತ್ತುಬಿದ್ದ ದುಂಬಿಯನ್ನು ಕಾಣುತ್ತಾನೆ. ಪರಿಮಳಕ್ಕೆ ಸೋತು, ಸಂಜೆ ಮುಚ್ಚಿದ ದಳಗಳೊಳಗೆ ಸಿಕ್ಕಿ ಸತ್ತ ದುಂಬಿ. ಅಷ್ಟು ಸಾಕಾಗಿ ಚಕ್ರವರ್ತಿ ರಾಜ್ಯ ತೊರೆದು ದೀಕ್ಷೆ ಹಿಡಿಯುತ್ತಾನೆ. ಪುಂಡರೀಕಿಣಿಯತ್ತ ಹೊರಟ ಮಗಳು ಮತ್ತು ಅಳಿಯ ದಾರಿಯಲ್ಲಿ ಸರೋವರದ ತೀರದಲ್ಲಿ ಇಬ್ಬರು ಚಾರಣಮುನಿಗಳಿಗೆ ಭಕ್ತಿಯಿಂದ ಆಹಾರದಾನ ಮಾಡುತ್ತಾರೆ. ಈ ಸಣ್ಣ ಪ್ರಸಂಗ ನೆನಪಿನಲ್ಲಿರಲಿ, ಕಥೆ ಇಲ್ಲಿಗೆ ಮರಳಿ ಬರಲಿದೆ.

ಆ ಮೇಲೆ ಒಂದು ರಾತ್ರಿ. ಶಯ್ಯಾಗೃಹದಲ್ಲಿ ಸುಗಂಧದ ಧೂಪ ಉರಿಯುತ್ತಿತ್ತು. ಪರಿಚಾರಕರು ಗವಾಕ್ಷಗಳನ್ನು ತೆರೆಯಲು ಮರೆತಿದ್ದರು. ಹೊಗೆ ತುಂಬಿ, ಉಸಿರು ಕಟ್ಟಿ, ವಜ್ರಜಂಘನೂ ಶ್ರೀಮತಿಯೂ ತೋಳಿನೊಳಗೆ ತೋಳಿಟ್ಟುಕೊಂಡೇ ಸತ್ತರು. ತಂದೆ ಕಂಡ ದುಂಬಿಗೂ ಮಗಳ ಸಾವಿಗೂ ವ್ಯತ್ಯಾಸವೆಲ್ಲಿ? ಅದೂ ಪರಿಮಳ, ಅದೂ ಮುಚ್ಚಿದ ಕೋಣೆ. ಜನ್ಮವನ್ನು ದಾಟಿ ಹುಡುಕಿ ಪಡೆದದ್ದು ಒಂದು ಕಿಟಕಿ ತೆರೆಯದ ಮರೆವಿನಿಂದ ಕಳೆದುಹೋಯಿತು. ಚಿತ್ರಪಟಕ್ಕೆ ಮಾಡಲಾಗುವುದು ಎಷ್ಟು, ಮಾಡಲಾಗದ್ದು ಎಷ್ಟು ಎಂಬುದನ್ನು ಇದಕ್ಕಿಂತ ನಿಷ್ಠುರವಾಗಿ ಹೇಳುವುದು ಕಷ್ಟ.

ಜೈನದರ್ಶನ ಶೋಕವನ್ನು ಕುರಿತು ಸ್ಪಷ್ಟವಾಗಿ ಮಾತಾಡುತ್ತದೆ. ಚಾರಿತ್ರಮೋಹನೀಯ ಕರ್ಮದ ಒಂಬತ್ತು ನೋಕಷಾಯಗಳಲ್ಲಿ ಹಾಸ್ಯ, ರತಿ, ಅರತಿಗಳ ಜೊತೆಗೆ ಶೋಕವೂ ಒಂದು. ಪ್ರಿಯವಾದುದು ಅಗಲಿದಾಗ ಅದು ಮತ್ತೆ ಸಿಗಬೇಕೆಂದು ಮನಸ್ಸು ಎಡೆಬಿಡದೆ ಹಂಬಲಿಸುವುದನ್ನು ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ಒಂದೆಂದು ಎಣಿಸುತ್ತದೆ. ಇದನ್ನು ಕೇಳಿದವರು ಜೈನಧರ್ಮ ಕಣ್ಣೀರನ್ನೇ ನಿಷೇಧಿಸುತ್ತದೆ ಎಂದು ತಪ್ಪು ತಿಳಿಯಬಾರದು. ವೃಷಭನಾಥರ ನಿರ್ವಾಣವಾದಾಗ ಭರತ ಚಕ್ರವರ್ತಿಯೇ ಅತ್ತನೆಂದೂ, ವೃಷಭಸೇನ ಗಣಧರರು ಅವನನ್ನು ಸಂತೈಸಿದರೆಂದೂ ಪುರಾಣ ಹೇಳುತ್ತದೆ. ಗಣಧರರು ಗದರಲಿಲ್ಲ, ತಿಳಿಹೇಳಿದರು. ಅಳು ಬರುವುದು ಕರ್ಮದ ಉದಯ, ಬಂದ ಅಳುವನ್ನು ಹಂಬಲವಾಗಿ ಬೆಳೆಸುವುದು ಹೊಸ ಬಂಧ. ಶಾಸ್ತ್ರದ ಎಚ್ಚರಿಕೆ ಎರಡನೆಯದನ್ನು ಕುರಿತದ್ದು.

ಈ ಎಚ್ಚರಿಕೆ ಹಿಂದೆಂದಿಗಿಂತ ಇಂದು ಅಗತ್ಯವಾಗಿದೆ. ಅಲ್ಲಾಳಸಂದ್ರದಂಥ ಬಡಾವಣೆಯ ಯಾವ ಮನೆಯಲ್ಲಿಯೂ ಅಗಲಿದ ಹಿರಿಯರ ಭಾವಚಿತ್ರವೊಂದು ಗಂಧದ ಮಾಲೆ ಧರಿಸಿ ಗೋಡೆಯ ಮೇಲಿರುವುದು ಸಾಮಾನ್ಯ. ಅದರಲ್ಲಿ ದೋಷವೇನೂ ಇಲ್ಲ. ಆ ಚಿತ್ರ ಮಾತಾಡುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಶ್ರೀಮತಿಯ ಪಟದಂತೆ ಅದರಲ್ಲಿಯೂ ಖಾಲಿ ಜಾಗವಿದೆ. ಈಗ ಕೃತಕ ಬುದ್ಧಿಮತ್ತೆಯ ಯಂತ್ರಗಳು ಆ ಜಾಗವನ್ನೂ ತುಂಬಲು ಹೊರಟಿವೆ. ಒಂದು ಭಾವಚಿತ್ರ, ಮೊಬೈಲಿನಲ್ಲಿ ಉಳಿದ ಧ್ವನಿಯ ಒಂದು ತುಣುಕು ಇದ್ದರೆ ಸತ್ತವರು ನಗುವಂತೆ, ಹೆಸರು ಹಿಡಿದು ಕರೆಯುವಂತೆ ಮಾಡಬಹುದು. 2020ರಲ್ಲಿ ದಕ್ಷಿಣ ಕೊರಿಯಾದ ದೂರದರ್ಶನ ವಾಹಿನಿಯೊಂದು ತೀರಿಹೋದ ಏಳು ವರ್ಷದ ಬಾಲೆಯ ರೂಪವನ್ನು ಗಣಕಯಂತ್ರದಲ್ಲಿ ಕಟ್ಟಿ, ಆಕೆಯ ತಾಯಿಗೆ ಕಣ್ಣಿಗೆ ಧರಿಸುವ ಸಾಧನದ ಮೂಲಕ ತೋರಿಸಿತು. ತಾಯಿ ಗಾಳಿಯಲ್ಲಿ ಕೈಚಾಚಿ ಮಗಳನ್ನು ಮುಟ್ಟಲು ಯತ್ನಿಸಿದ ದೃಶ್ಯವನ್ನು ಜಗತ್ತು ನೋಡಿತು.

ಆ ತಾಯಿಯನ್ನು ದೂಷಿಸುವ ಹೃದಯ ಯಾರಿಗೂ ಇರಲಾರದು. ಒಂದು ಕ್ಷಣದ ಸಾಂತ್ವನವೂ ಸಾಂತ್ವನವೇ ಎಂದು ವಾದಿಸುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಇಂಥ ಸಾಂತ್ವನವನ್ನು ಆದಿಪುರಾಣ ಮೊದಲೇ ಪರೀಕ್ಷಿಸಿ ನೋಡಿದೆ. ವೃಷಭನಾಥನ ಆಸ್ಥಾನದಲ್ಲಿ ನೀಲಾಂಜನೆ ನರ್ತಿಸುತ್ತಿದ್ದಾಗ ಅವಳ ಆಯುಷ್ಯ ತೀರಿತು. ರಸಭಂಗವಾಗಬಾರದೆಂದು ಇಂದ್ರ ಆ ಕ್ಷಣವೇ ಅವಳಂಥದೇ ಇನ್ನೊಂದು ರೂಪವನ್ನು ಅದೇ ಭಂಗಿಯಲ್ಲಿ ನಿಲ್ಲಿಸಿದ. ತಾಳ ತಪ್ಪಲಿಲ್ಲ, ಸಭೆಗೆ ತಿಳಿಯಲಿಲ್ಲ. ಇಂದಿನ ಯಂತ್ರ ಮಾಡುತ್ತಿರುವುದು ಇಂದ್ರನ ಈ ಕೆಲಸವನ್ನೇ, ಸತ್ತವರ ಜಾಗ ಖಾಲಿಯಾಗದಂತೆ ನೋಡಿಕೊಳ್ಳುವ ಕೆಲಸವನ್ನು. ಸಭೆಯಲ್ಲಿ ಒಬ್ಬ ವೃಷಭನಾಥ ಮಾತ್ರ ಗಮನಿಸಿದ. ಕುಣಿಯುತ್ತಿರುವವಳು ಅವಳಲ್ಲ, ಅವಳು ಹೋದಳು ಎಂದು ಕಂಡುಕೊಂಡ. ಆ ಒಂದು ಅರಿವಿನಿಂದ ವೈರಾಗ್ಯ ಹುಟ್ಟಿತು. ನಕಲು ಯಶಸ್ವಿಯಾಗಿದ್ದರೆ ಸಭೆಗೆ ಒಂದು ಸಂಜೆಯ ಮನರಂಜನೆ ಉಳಿಯುತ್ತಿತ್ತು, ಲೋಕಕ್ಕೆ ಮೊದಲ ತೀರ್ಥಂಕರ ದೊರೆಯುತ್ತಿರಲಿಲ್ಲ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ನೀಲಾಂಜನೆಯ ಸಾವನ್ನು ಕಂಡ ಈ ಜೀವವೇ ಹಿಂದೆ ಲಲಿತಾಂಗನಾಗಿ ಬಾಡಿದ ಮಾಲೆಗೆ ಹೆದರಿತ್ತು, ವಜ್ರಜಂಘನಾಗಿ ಪಟದ ಮುಂದೆ ಮೂರ್ಛೆ ಹೋಗಿತ್ತು. ಮರಣ ಆ ಜೀವಕ್ಕೆ ಹೊಸದಲ್ಲ. ಆದರೆ ಈ ಸಲ ಅದು ಕಳೆದದ್ದನ್ನು ಮರಳಿ ಬೇಡಲಿಲ್ಲ. ಅನೇಕ ಭವಗಳ ಪಾಠ ಈಗ ಪಕ್ವವಾಗಿತ್ತು.

ನಕಲು ಏಕೆ ಸಲ್ಲದು ಎಂಬುದಕ್ಕೆ ತತ್ತ್ವದಲ್ಲಿಯೂ ಉತ್ತರವಿದೆ. ಜೈನಾಗಮದ ಪ್ರಕಾರ ದೇಹ ಬಿಟ್ಟ ಜೀವ ಎಲ್ಲಿಯೂ ತಂಗಿ ಕಾಯುವುದಿಲ್ಲ. ನೇರ ದಾರಿಯಾದರೆ ಒಂದೇ ಸಮಯದಲ್ಲಿ, ತಿರುವುಗಳಿದ್ದರೂ ನಾಲ್ಕನೆಯ ಸಮಯದೊಳಗೆ ಅದು ಮುಂದಿನ ಜನ್ಮಸ್ಥಾನ ಸೇರುತ್ತದೆ. ಸಮಯವೆಂದರೆ ಕಾಲದ ಅತ್ಯಂತ ಸೂಕ್ಷ್ಮ ಘಟಕ, ಒಂದು ರೆಪ್ಪೆ ಬಡಿಯುವಷ್ಟರಲ್ಲಿ ಅಸಂಖ್ಯಾತ ಸಮಯಗಳು ಕಳೆದಿರುತ್ತವೆ. ಹೀಗಾಗಿ ಮನೆಯವರು ಮೊದಲ ಕಣ್ಣೀರು ಒರೆಸಿಕೊಳ್ಳುವ ಮುನ್ನವೇ ಹೋದವರು ಇನ್ನೆಲ್ಲಿಯೋ ಇನ್ನಾರದೋ ಮಗುವಾಗಿರುತ್ತಾರೆ, ಅಥವಾ ಬೇರೊಂದು ಗತಿಯನ್ನು ಸೇರಿರುತ್ತಾರೆ. ಪರದೆಯ ಮೇಲೆ ಕರೆಯುವ ದನಿ ಅವರದಲ್ಲ. ಅವರು ಕಾಯುತ್ತಿದ್ದಾರೆ ಎಂಬ ಭಾವನೆಯನ್ನು ಅದು ಬೆಳೆಸಿದರೆ, ಬದುಕಿರುವವರನ್ನು ಸುಳ್ಳಾದ ಒಂದು ಬಾಗಿಲ ಮುಂದೆ ನಿಲ್ಲಿಸಿದಂತೆ. ಬಾಗಿಲು ತೆರೆಯುವುದಿಲ್ಲ, ಅವರು ಅಲ್ಲಿಂದ ಕದಲುವುದೂ ಇಲ್ಲ.

ಹಾಗಾದರೆ ಪ್ರೀತಿ ಏನಾಯಿತು? ಅನಿತ್ಯ, ಏಕತ್ವ, ಅನ್ಯತ್ವಗಳನ್ನು ಚಿಂತಿಸು ಎಂದು ಹನ್ನೆರಡು ಅನುಪ್ರೇಕ್ಷೆಗಳು ಹೇಳುವಾಗ ಸಾಮಾನ್ಯ ಶ್ರಾವಕನ ಮನದಲ್ಲಿ ಏಳುವ ಪ್ರಶ್ನೆ ಇದು. ನೆನಪುಗಳೆಲ್ಲ ಬಂಧವೇ ಆದರೆ ಮರೆಯುವುದೊಂದೇ ಧರ್ಮವೇ? ಪುರಾಣ ಹಾಗೆನ್ನುವುದಿಲ್ಲ. ಅದರ ಉತ್ತರ ಶ್ರೀಮತಿಯ ಜೀವದ ಮುಂದಿನ ಪಯಣದಲ್ಲಿದೆ.

ಭೋಗಭೂಮಿ, ದೇವಲೋಕ, ಮತ್ತೆ ಮನುಷ್ಯಲೋಕ ಎಂದು ಹಲವು ಭವಗಳನ್ನು ದಾಟಿ, ಹೆಣ್ಣಾಗಿಯೂ ಗಂಡಾಗಿಯೂ ಹುಟ್ಟಿ, ಆ ಜೀವ ಹಸ್ತಿನಾಪುರದಲ್ಲಿ ಶ್ರೇಯಾಂಸನೆಂಬ ರಾಜಕುಮಾರನಾಯಿತು. ಆಗ ವೃಷಭನಾಥರು ದೀಕ್ಷೆ ಪಡೆದು, ಆರು ತಿಂಗಳ ಯೋಗ ಮುಗಿಸಿ, ಆಹಾರಕ್ಕಾಗಿ ಊರೂರು ಸಂಚರಿಸುತ್ತಿದ್ದರು. ಮುನಿಗೆ ಆಹಾರ ನೀಡುವ ವಿಧಿ ಆ ಯುಗದಲ್ಲಿ ಯಾರಿಗೂ ತಿಳಿದಿರಲಿಲ್ಲ. ಜನ ಆನೆ, ಕುದುರೆ, ರತ್ನಗಳನ್ನು ತಂದು ಎದುರಿಗಿಟ್ಟರು. ಮೌನಿಯಾದ ಮಹಾಮುನಿ ಬರಿಗೈಯಲ್ಲಿ ಮುಂದೆ ಸಾಗಿದರು. ಹಸ್ತಿನಾಪುರದ ಬೀದಿಯಲ್ಲಿ ಅವರನ್ನು ಕಂಡೊಡನೆ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ಇದು ಆ ಜೀವಕ್ಕೆ ಹಿಂದೊಮ್ಮೆ ಮೂರ್ಛೆ ತಂದಿದ್ದ, ಪಟ ಬರೆಯಿಸಿದ್ದ ನೆನಪಿನ ಶಕ್ತಿಯೇ. ಎದುರಿಗಿದ್ದದ್ದೂ ಅಂದಿನ ಜೀವವೇ, ವಜ್ರಜಂಘನೇ. ಆದರೆ ಶ್ರೇಯಾಂಸನಿಗೆ ನೆನಪಾದದ್ದು ಶಯ್ಯಾಗೃಹವಲ್ಲ, ಸರೋವರದ ತೀರ. ಅಲ್ಲಿ ತಾವಿಬ್ಬರೂ ಮುನಿಗಳಿಗೆ ಹೇಗೆ ಆಹಾರವಿತ್ತೆವೆಂಬುದು. ಆ ನೆನಪಿನ ಬಲದಿಂದ ಅವನು ವಿಧಿಪೂರ್ವಕವಾಗಿ ಸ್ವಾಗತಿಸಿ, ಮುನಿಯ ಬೊಗಸೆಗೆ ಕಬ್ಬಿನ ಹಾಲನ್ನು ಎರೆದ. ವೈಶಾಖ ಶುಕ್ಲ ತೃತೀಯೆಯ ಆ ದಿನವನ್ನು ಜೈನರು ಇಂದಿಗೂ ಅಕ್ಷಯ ತೃತೀಯೆಯಾಗಿ ಆಚರಿಸುತ್ತಾರೆ. ಆಹಾರ ಸ್ವೀಕರಿಸಿದ ಮುನಿ ಕಾಡಿಗೆ ಮರಳಿದರು. ಶ್ರೇಯಾಂಸ ಅವರನ್ನು ತಡೆಯಲಿಲ್ಲ.

ಒಂದೇ ಜೀವಕ್ಕೆ ಎರಡು ಸಲ ನೆನಪು ಮರಳಿತು. ಮೊದಲ ಸಲ ಅದು ಪಡೆಯಲು ಹೊರಟಿತು, ಪಡೆದದ್ದು ಹೊಗೆಯಲ್ಲಿ ಹೋಯಿತು. ಎರಡನೆಯ ಸಲ ಅದು ಕೊಟ್ಟಿತು, ಕೊಟ್ಟದ್ದರಿಂದ ದಾನತೀರ್ಥವೇ ಆರಂಭವಾಯಿತು. ನೆನಪನ್ನು ಅಳಿಸಬೇಕೆಂದು ಜಿನಮಾರ್ಗ ಕೇಳುವುದಿಲ್ಲ, ಅದರ ಮುಖವನ್ನು ತಿರುಗಿಸಬೇಕೆಂದು ಕೇಳುತ್ತದೆ. ಅಗಲಿದವರು ಮತ್ತೆ ಬೇಕು ಎಂಬಲ್ಲಿಂದ, ಅವರೊಡನೆ ಮಾಡಿದ ಒಳಿತನ್ನು ಮುಂದುವರಿಸಬೇಕು ಎಂಬಲ್ಲಿಗೆ. ಗತಿಸಿದ ತಾಯಿ ಯಾರ ಹಸಿವನ್ನೂ ಸಹಿಸುತ್ತಿರಲಿಲ್ಲ ಎಂದು ನೆನಪಿದ್ದರೆ, ಅವಳ ದನಿಯನ್ನು ಯಂತ್ರದಲ್ಲಿ ಮತ್ತೆ ಕೇಳುವುದಕ್ಕಿಂತ ಅವಳ ಹೆಸರಿನಲ್ಲಿ ಒಬ್ಬರ ಹಸಿವು ನೀಗಿಸುವುದು ಅವಳಿಗೆ ಹತ್ತಿರದ ಕೆಲಸ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಯಾವುದಾದರೂ ಒಂದಕ್ಕೆ ಪ್ರತಿ ಮನೆಯ ಶೋಕದಲ್ಲಿಯೂ ದಾರಿ ಇದ್ದೇ ಇರುತ್ತದೆ. ಆ ದಾನದ ಪುಣ್ಯ ಸತ್ತವರಿಗೆ ತಲುಪುತ್ತದೆ ಎಂಬ ಭರವಸೆಯನ್ನು ಜೈನಧರ್ಮ ಕೊಡುವುದಿಲ್ಲ, ಅವರವರ ಕರ್ಮ ಅವರವರದು. ಕೊಡುವವನ ಒಳಗಿನ ಆರ್ತಧ್ಯಾನ ಮಾತ್ರ ಧರ್ಮಧ್ಯಾನದತ್ತ ಹೊರಳುತ್ತದೆ.

ಈ ದೃಷ್ಟಿಯಿಂದ ನೋಡಿದರೆ ಸಾವು, ಶೋಕಗಳನ್ನು ಚಿತ್ರಿಸುವ ಗ್ರಾಫಿಕ್ ಕಾದಂಬರಿಗಳು ಜೈನ ಮನೆಗಳ ಪುಸ್ತಕದ ಕಪಾಟಿಗೆ ಹೊರಗಿನವಲ್ಲ. ಒಳ್ಳೆಯ ಚಿತ್ರಕಥೆ ಸತ್ತವರನ್ನು ಬದುಕಿಸಿ ತೋರಿಸುತ್ತೇನೆಂದು ಸುಳ್ಳಾಡುವುದಿಲ್ಲ. ಒಂದು ಚೌಕದಲ್ಲಿ ಇದ್ದವರು ಮುಂದಿನ ಚೌಕದಲ್ಲಿ ಇಲ್ಲ ಎಂಬುದನ್ನು ಹಾಗೆಯೇ ಬಿಟ್ಟು, ಆ ಬಿಳಿಯ ಸಂದಿನ ಮುಂದೆ ಓದುಗನನ್ನು ಸುಮ್ಮನೆ ಕೂರಿಸುತ್ತದೆ. ಮರಣದ ಬಗ್ಗೆ ಮಕ್ಕಳೊಡನೆ ಮಾತಾಡಲು ಹಿಂಜರಿಯುವ ತಂದೆತಾಯಿಯರಿಗೆ ಅಂಥ ಪುಸ್ತಕ ನೆರವಾಗಬಹುದು. ಪಂಪನ ಶ್ರೀಮತಿಯ ಕಥೆಯನ್ನು, ಪಟದಿಂದ ಹೊಗೆಯವರೆಗೆ ಮತ್ತು ಹೊಗೆಯಿಂದ ಕಬ್ಬಿನ ಹಾಲಿನವರೆಗೆ, ಇಂದಿನ ಕನ್ನಡದ ಚಿತ್ರಕಾರರೊಬ್ಬರು ಚೌಕಗಳಲ್ಲಿ ಬಿಡಿಸಿದರೆ ಅದು ಸಾವಿರ ವರ್ಷದ ಸಾಲವೊಂದನ್ನು ತೀರಿಸಿದಂತಾಗುತ್ತದೆ. ಬಿಡಿಸುವವರು ಒಂದನ್ನು ಮಾತ್ರ ಶ್ರೀಮತಿಯಿಂದ ಕಲಿಯಬೇಕು. ಎಲ್ಲವನ್ನೂ ಬರೆಯಬಾರದು.